ಮಾವ ಕಟ್ಟಿದ ಮಹಡಿ ಬಚ್ಚಲು

ನಮ್ಮ ಸೋದರಮಾವನಿಗೆ ಈ ಭೂಮಿಯ ಮೇಲೇ ನಂಬಿಕೆ ಇರಲಿಲ್ಲ! ಯಾರ ಮನೆಗೆ ಹೋದರೂ ಹಿಮ್ಮಡಿಯಿಂದ ನೆಲ ಕುಟ್ಟಿ, "ಒಳಗೆ ಟೊಳ್ಳೈತೆ" ಎಂದು ತೀರ್ಪು ಕೊಟ್ಟ ಮೇಲೇ ಕಾಫಿ ಲೋಟಕ್ಕೆ ಕೈ ಹಾಕುತ್ತಿದ್ದರು. ಹೆಣ್ಣು ನೋಡಲು ಹೋದಾಗಲೂ ಕುಟ್ಟಿದ್ದರಂತೆ. "ನನ್ ಮುಖ ನೋಡ್ಲಿಲ್ಲ ಕಣವ್ವ, ನಮ್ಮಪ್ಪನ ಮನೆ ನೆಲ ನೋಡ್ಬುಟ್ಟು ಒಪ್ಕಂಡ್ರು" ಎಂದು ಅತ್ತೆ ನಗುತ್ತಿದ್ದರು.

ಮಾವ ಕನಕಪುರದ ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ನಿವೃತ್ತರಾಗಿ ಚನ್ನಪಟ್ಟಣದ ಹಳೆಯ ಮನೆಗೆ ಬಂದ ಕೆಲವೇ ವರ್ಷಕ್ಕೆ ಅತ್ತೆಯ ಕಾಲಿನ ಶಕ್ತಿ ಹೋಯಿತು. ಮಲಗುವ ಕೋಣೆ ಮಹಡಿಯಲ್ಲಿ, ಬಚ್ಚಲು ಕೆಳಗೆ. ಕೆಳಗೇ ಮಲಗಿ ಎಂದರೆ ಅತ್ತೆ ಕೇಳಬೇಕಲ್ಲ! ಮಹಡಿಯ ಕಿಟಕಿಯಲ್ಲಿ ಕೂತು ಬೀದಿಯವರನ್ನೆಲ್ಲ ಮಾತಾಡಿಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಸರಿ, ಕೋಣೆಯ ಪಕ್ಕದಲ್ಲೇ ಬಚ್ಚಲು ಮಾಡಿಸುವುದೆಂದಾಯಿತು.

ಆದರೆ ಮಹಡಿಯ ನೆಲ ಮರದ ಹಲಗೆಯದು. ಗಾರೆ ಕೆಲಸದವನು ತಲೆ ಕೆರೆದುಕೊಂಡ. "ಸಾ, ಮರ ಅಲ್ಲಾಡ್ತದೆ. ಅದ್ರ ಮೇಲೆ ಸೀದಾ ಟೈಲ್ಸ್ ಹಾಕುದ್ರೆ ಬಿರುಕು ಬುಡ್ತದೆ. ಮೊದ್ಲು ಸಿಮೆಂಟ್ ಬೋರ್ಡ್ ಕೂರಿಸ್ಬೇಕು."

ಅಲ್ಲಾಡುತ್ತದೆ! ಆ ಮಾತು ಕಿವಿಗೆ ಬಿದ್ದದ್ದೇ ತಡ, ಮಾವ ಅವನನ್ನು ಕಳಿಸಿ ತಾವೇ ಪಂಚೆ ಎತ್ತಿ ಕಟ್ಟಿದರು. ಹಲಗೆಯ ಮೇಲೆ ಗಾರೆ ಬಳಿದು, ಬೋರ್ಡು ಕೂರಿಸಿ, ಸ್ಕ್ರೂ ಬಿಗಿದರು. ಬಿಗಿದದ್ದನ್ನು ಬಿಚ್ಚಿ ಮತ್ತೆ ಬಿಗಿದರು. ಯೋಗಕ್ಷೇಮ ವಿಚಾರಿಸಲು ಬಂದ ನೆಂಟರನ್ನೆಲ್ಲ ಬೋರ್ಡಿನ ಮೇಲೆ ಸಾಲಾಗಿ ನಿಲ್ಲಿಸಿ ಪೀಪಿ ಊದಿ, "ಲೆಫ್ಟ್ ರೈಟ್" ಮಾಡಿಸಿದರು! ತಾವು ಮೂಲೆಯಲ್ಲಿ ನೆಲಕ್ಕೆ ಕಿವಿಯಿಟ್ಟು ಮಲಗಿದ್ದರು. ಎಲ್ಲೋ ಒಸಿ ಕಿರ್ರ್ ಎಂದಿತು. ಸರಿ, ಇಡೀ ಬೋರ್ಡು ಮತ್ತೆ ಮೇಲೆದ್ದಿತು.

"ಏನ್ರೀ, ಆಯ್ತಾ?" ಪಕ್ಕದ ಕೋಣೆಯಿಂದ ಅತ್ತೆ ಕೂಗುವರು.

"ತಡ್ಕಳೇ, ನೀನು ಜಾರ್ಬಾರ್ದು!"

"ನಾನು ಜಾರೋಕಾದ್ರೂ ಒಂದಿನ ಬುಡ್ರಿ ಅಲ್ಲಿಗೆ!"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಬೋರ್ಡಿನ ಸಂದುಗಳಿಗೆ ಜಾಲರಿ ಪಟ್ಟಿ ಅಂಟಿಸಿ ಗಾರೆ ತುಂಬಿದ ವಾರವೇ ಅತ್ತೆಗೆ ಉಸಿರು ಕಟ್ಟಿತು. ಆಸ್ಪತ್ರೆಗೆ ಕರೆದೊಯ್ದೆವು. ಹಿಂದಕ್ಕೆ ಕರೆತರಲು ಆಗಲಿಲ್ಲ.

ತಿಥಿ ಮುಗಿದ ಮರುದಿನ ಮಹಡಿಯಲ್ಲಿ ಟೈಲ್ಸ್ ಕೊಯ್ಯುವ ಸದ್ದು. ನೆಂಟರಿಗೆ ಕೆಡುಕೆನಿಸಿತು. ಯಾರಿಗಾಗಿ ಇನ್ನು? ಮಾವ ಒಂದೊಂದೇ ಟೈಲ್ಸ್ ಕೂರಿಸಿ ಮುಗಿಸಿದರು. ಮುಗಿಸಿದ ಮೇಲೂ ಸ್ನಾನಕ್ಕೆ ಕೆಳಗೇ ಇಳಿಯುತ್ತಿದ್ದರು.

ಹೋದ ತಿಂಗಳು ಅವರಿಗೆ ಜ್ವರ ಬಂದಾಗ ನಾನು ಹೋಗಿದ್ದೆ. ಜ್ವರ ಬಿಟ್ಟ ಬೆಳಿಗ್ಗೆ ನೋಡಿದರೆ ಹೊಸ ಬಚ್ಚಲಿನ ಹೊಸ್ತಿಲ ಹೊರಗೆ, ಕಾಲು ಒಳಗಿಡದೆ ಕೂತಿದ್ದರು.

"ನಿಧಾನ ಮಾಡ್ಬುಟ್ಟೆ ಕಣವ್ವ" ಎಂದರು. "ಗಟ್ಟಿಯಾಗ್ಲಿ ಅಂತ ನಿಧಾನ ಮಾಡ್ಬುಟ್ಟೆ. ಮೊದ್ಲು ಅವಳು ಕಾಲಿಡ್ಬೇಕಿತ್ತು."

ಕೆಳಗೆ ಹೋಗಿ ನೀರು ಕಾಯಿಸಿ ತಂದು ಒಳಗಿಟ್ಟು, "ಏಳಿ ಮಾವ, ಸ್ನಾನ ಮಾಡಿ" ಎಂದೆ. ನನ್ನ ಭುಜ ಹಿಡಿದು ಎದ್ದರು. ಹೊಸ್ತಿಲಲ್ಲಿ ನಿಂತು ಬಕೆಟ್ಟಿನತ್ತ ನೋಡಿ, ತೀರ ಸಣ್ಣ ದನಿಯಲ್ಲಿ ಕೇಳಿದರು:

"ನೀರು ಬೆಚ್ಚಗೈತಾ ಮಗಾ? ಅವಳ್ಗೆ ತಣ್ಣೀರು ಆಗಾಕಿಲ್ಲ."

"ಬೆಚ್ಚಗೈತೆ ಮಾವ" ಎಂದೆ.