ಜತ್ತಪ್ಪನಿಗೆ ಸನ್ಮಾನ

ಇಷ್ಟಕ್ಕೆಲ್ಲ ಕಾರಣ ಒಂದು ಶಾಲು. ಯುವಕ ಸಂಘದ ವಾರ್ಷಿಕೋತ್ಸವಕ್ಕೆ ತಂದ ಆರು ಶಾಲುಗಳಲ್ಲಿ ಐದಕ್ಕೆ ಹೆಗಲು ಗೊತ್ತಾಗಿ ಒಂದು ಉಳಿದುಹೋಗಿತ್ತು. ನಮ್ಮ ಕಡೆ ಶಾಲು ಉಳಿದರೆ ಯಾರೂ ಕಪಾಟಿನಲ್ಲಿಡುವುದಿಲ್ಲ, ಹೊದೆಸಲು ಹೆಗಲು ಹುಡುಕುತ್ತಾರೆ. ಸಂಘದ ಅಧ್ಯಕ್ಷ ರಂಜಿತನಿಗೆ ಪಕ್ಕದ ಮನೆಯ ಜತ್ತಪ್ಪನ ಹೆಗಲು ನೆನಪಾಯಿತು.

ಆರು ವರ್ಷಗಳ ಹಿಂದೆ ಜತ್ತಪ್ಪ ಬಿ.ಸಿ.ರೋಡಿನ ಖಾಸಗಿ ಬಸ್ಸೊಂದರ ಕಂಡಕ್ಟರ್. ಫರಂಗಿಪೇಟೆಯಲ್ಲಿ ಫುಟ್‌ಬೋರ್ಡಿನಿಂದ ಬಿದ್ದ ಮೇಲೆ ಸೊಂಟದಿಂದ ಕೆಳಗೆ ಅವನ ಮಾತು ಕೇಳುವಂಥದ್ದು ಏನೂ ಉಳಿಯಲಿಲ್ಲ. ಗಂಟಲು ಮಾತ್ರ ಉಳಿಯಿತು. ಅದನ್ನೇ ಬಂಡವಾಳ ಮಾಡಿಕೊಂಡು ‘ಡಬ್ಬಲ್ ಬೆಲ್ ಬಾಬಣ್ಣ’ ಎಂಬ ಹೆಸರಿನಲ್ಲಿ ಯೂಟ್ಯೂಬ್ ಚಾನೆಲ್ ತೆರೆದ. ಪರದೆಯ ಮೇಲೆ ಬಸ್ಸಿನ ಚಿತ್ರ, ಹಿಂದೆ ಅವನ ಸ್ವರ: ಬಸ್ಸು ಹೊರಡಿಸುವ ‘ರೈಟ್ ಪೋಯಿ!’, ‘ಇಳಿಯುವವರು ಉಂಟಾ?’ ಎಂಬ ಕೂಗು, ಚಿಲ್ಲರೆಯ ಜಗಳ, ಸೀಟಿನ ಜಗಳ, ಮೀನಿನ ಬುಟ್ಟಿಯ ಜಗಳ. ಐವತ್ತು ಸಾವಿರ ಮಂದಿ ಕೇಳಿ ನಗುತ್ತಿದ್ದರು. ಬಾಬಣ್ಣ ಗಾಲಿಕುರ್ಚಿಯಲ್ಲಿದ್ದಾನೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಕುರ್ಚಿ ತೋರಿಸಿ ಜತ್ತಣ್ಣ, ಜನ ಅಯ್ಯೋ ಅಂದ್ರೆ ಹಣ ಬರ್ತದೆ” ಎಂದು ಆ ಚಾನೆಲನ್ನು ಒಮ್ಮೆಯೂ ನೋಡದ ರಂಜಿತ್ ಸಲಹೆ ಕೊಟ್ಟಿದ್ದ.

“ಟಿಕೆಟ್ ಕೊಟ್ಟೇ ಹಣ ತೆಗೊಂಡವ ನಾನು. ಸುಮ್ಮನೆ ಕೈ ನೀಡ್ಲಿಕ್ಕೆ ಆಗುವುದಿಲ್ಲ” ಎಂದಿದ್ದ ಜತ್ತಪ್ಪ.

ವಾರ್ಷಿಕೋತ್ಸವದ ಆ ಭಾನುವಾರವೇ ಸಂಜೆ ಐದಕ್ಕೆ ಬಾಬಣ್ಣನ ಲೈವ್ ಇತ್ತು. ಮೂಡಬಿದಿರೆಯ ಎಣ್ಣೆ ಗಿರಣಿಯೊಂದರ ಮ್ಯಾನೇಜರ್ ಶಶಿಪ್ರಭಾ ಮೆಸೇಜ್ ಹಾಕಿದ್ದಳು: “ನಮ್ಮ ಧಣಿಗಳು ಲೈವ್ ಕೇಳ್ತಾರೆ. ಖುಷಿಯಾದ್ರೆ ಒಂದು ವರ್ಷದ ಜಾಹೀರಾತು ನಿಮಗೇ.” ಒಂದು ವರ್ಷ! ಹೆಂಡತಿ ಅಮ್ಮಣಿ ಗೇರುಬೀಜದ ಕಾರ್ಖಾನೆ ಬಿಡಬಹುದಿತ್ತು. ಗೇರಿನ ಸಿಪ್ಪೆಯ ಎಣ್ಣೆ ತಾಗಿ ಅವಳ ಬೆರಳುಗಳು ಸುಲಿದಿದ್ದವು. ಅನ್ನಕ್ಕೆ ಸಾರು ಕಲಸುವಾಗ ಉರಿ ತಾಳದೆ ಮುಖ ಆಚೆ ತಿರುಗಿಸುತ್ತಿದ್ದಳು.

ಮೂರು ಗಂಟೆಗೆ ರಂಜಿತ್ ನಾಲ್ವರನ್ನು ಕಟ್ಟಿಕೊಂಡು ಬಂದ. “ಅಂಗಿ ಹಾಕಿ ಜತ್ತಣ್ಣ. ನಿಮಗೆ ಸನ್ಮಾನ.”

“ಇವತ್ತು ಬೇಡ ಮಾರಾಯ. ಐದಕ್ಕೆ ನನಗೆ ಕೆಲಸ ಉಂಟು.”

“ಅರ್ಧ ಗಂಟೆ ಅಷ್ಟೆ. ನಾನೇ ತಂದು ಬಿಡ್ತೇನೆ. ಮೈಕಿನಲ್ಲಿ ಹೆಸರು ಹೇಳಿ ಆಯ್ತು, ಸಂಘದ ಮರ್ಯಾದೆ ಪ್ರಶ್ನೆ.”

ವೇದಿಕೆಗೆ ಆರು ಮೆಟ್ಟಿಲು. ನಾಲ್ವರು ಅವನನ್ನು ಕುರ್ಚಿ ಸಮೇತ ಎತ್ತಿ, ಗಡಿಬಿಡಿಯಲ್ಲಿ ಸಭೆಗೆ ಬೆನ್ನು ಮಾಡಿ ಇಟ್ಟರು. ಕುರ್ಚಿಗೆ ಚಕ್ರ ಇದೆಯೆಂಬುದನ್ನೇ ಮರೆತು, ಮತ್ತೊಮ್ಮೆ ಎತ್ತಿ ತಿರುಗಿಸಿದರು. “ಮೊಬೈಲ್ ಕೊಡಿ, ನೆನಪಿಗೆ ವಿಡಿಯೋ ತೆಗೀತೇನೆ” ಎಂದು ರಂಜಿತ್ ಅದನ್ನೂ ಒಯ್ದ.

ಸ್ವಾಗತ ಭಾಷಣವೇ ನಲವತ್ತು ನಿಮಿಷ ಹಿಡಿಯಿತು. ಆಮೇಲೆ ವರದಿ, ಸಂದೇಶ, ಬಹುಮಾನ. ನಾಲ್ಕೂವರೆಗೆ ಜತ್ತಪ್ಪ “ಇಳಿಸಿ ಮಾರಾಯ್ರೆ!” ಎಂದು ಕೂಗಿದ. ಸ್ಪೀಕರಿನ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ಕೂಗಿ ಕೂಗಿ ಗಂಟಲು ಒಡೆಯಿತು. ರಂಜಿತ್ ಕೆಳಗಿನಿಂದ ಹೆಬ್ಬೆರಳೆತ್ತಿ ವಿಡಿಯೋ ತೆಗೆಯುತ್ತಲೇ ಇದ್ದ. ಪಕ್ಕದಲ್ಲಿ ಕೂತಿದ್ದ ಸಭಾಧ್ಯಕ್ಷರು, ಯಾರೋ ಉದ್ಯಮಿ ತಿರುಮಲೇಶ್ವರರಂತೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಮೊಬೈಲಿನಲ್ಲಿ ಮುಳುಗಿದ್ದರು. ಸರಿಯಾಗಿ ಐದಕ್ಕೆ ಜತ್ತಪ್ಪ ಅವರ ತೋಳು ಜಗ್ಗಿದ. ಅವರು ತಲೆಯೆತ್ತದೆ, ತಡೆಯಿರಿ ಎಂದು ಕೈಸನ್ನೆ ಮಾಡಿದರು.

ಐದೂವರೆಗೆ ಶಾಲು ಬಂತು, ಜೊತೆಗೊಂದು ಹಣ್ಣಿನ ಬುಟ್ಟಿ. “ಮೊಬೈಲಿನಲ್ಲಿ ಏನೇನೋ ಮಾಡಿ ಸ್ವಂತ ಕಾಲ ಮೇಲೆ ನಿಂತ ಸಾಧಕ!” ಎಂದು ನಿರೂಪಕ ಘೋಷಿಸಿದ. ಸಭೆ ಒಂದು ಕ್ಷಣ ಜತ್ತಪ್ಪನ ಕಾಲು ನೋಡಿ, ಆಮೇಲೆ ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿತು. ಜತ್ತಪ್ಪ ಮೈಕಿಗೆ ಕೈಚಾಚಿದ. “ಸಮಯದ ಅಭಾವ, ಸನ್ಮಾನಿತರು ಮಾತಾಡುವುದು ಬೇಡ” ಎಂದು ಮೈಕು ಆಚೆ ಹೋಯಿತು. ಅವನಿಗೆ ದುಃಖ ತಡೆಯಲಾಗಲಿಲ್ಲ. ಆನಂದಬಾಷ್ಪವೆಂದು ಜನ ಫೋಟೋ ಹೊಡೆದುಕೊಂಡರು.

ಸಭೆ ಮುಗಿದು ಎಲ್ಲರೂ ಗೋಳಿಬಜೆ ತಿನ್ನಲು ನುಗ್ಗಿದಾಗ ತಿರುಮಲೇಶ್ವರರು ಬಗ್ಗಿ ಹೇಳಿದರು: “ನಿಮ್ಮನ್ನು ಗಮನಿಸ್ಲಿಕ್ಕೆ ಆಗ್ಲಿಲ್ಲ, ಬೇಸರ ಮಾಡ್ಬೇಡಿ. ನಮ್ಮ ಎಣ್ಣೆಯ ಜಾಹೀರಾತಿಗೆ ಬಾಬಣ್ಣ ಅಂತ ಒಬ್ಬ, ಐದಕ್ಕೆ ಲೈವ್ ಬರ್ತೇನೆ ಅಂದಿದ್ದ. ಕಾದು ಕಾದು ಸಾಕಾಯ್ತು, ಜನ ನಾಪತ್ತೆ! ಬೇರೆಯವರಿಗೆ ಮಾತು ಕೊಟ್ಟೂ ಆಯ್ತು. ಕೈಕಾಲು ಗಟ್ಟಿ ಇದ್ದವರಿಗೆ ದುಡಿಯುವ ಮನಸ್ಸಿಲ್ಲ ನೋಡಿ. ನಿಮ್ಮನ್ನು ನೋಡಿ ಕಲೀಬೇಕು.”

“ಅದು ನಾನೇ ಧಣಿ” ಎಂದ ಜತ್ತಪ್ಪ. ಚಾನೆಲ್ ತೋರಿಸಲು ಮೊಬೈಲ್ ಇನ್ನೂ ರಂಜಿತನ ಬಳಿಯಿತ್ತು. ನಂಬಲಿ ಎಂದು ಒಡೆದ ಗಂಟಲಿನಲ್ಲೇ ಕೂಗಿದ: “ರೈಟ್ ಪೋಯಿ! ಇಳಿಯುವವರು ಉಂಟಾ?”

ತಿರುಮಲೇಶ್ವರರು ನಕ್ಕು ಬೆನ್ನು ತಟ್ಟಿದರು. “ನೀವೂ ಅವನನ್ನು ಕೇಳ್ತೀರಾ? ನಮ್ಮ ಮೊಮ್ಮಗನೂ ಹೀಗೇ ಮಾಡ್ತಾನೆ, ನಿಮಗಿಂತ ಸ್ವಲ್ಪ ಲಾಯಕ್ಕು. ಪ್ರಯತ್ನ ಬಿಡ್ಬೇಡಿ.” ಅವರ ಕಾರು ಹೊರಟುಹೋಯಿತು.

ಎತ್ತಿದ ನಾಲ್ವರ ಪತ್ತೆಯಿರಲಿಲ್ಲ. ಜತ್ತಪ್ಪ ಹಣ್ಣಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ವೇದಿಕೆಯ ಮೇಲೆ ಕೂತಿದ್ದ. ಕೆಳಗೆ ಕುರ್ಚಿ ಪೇರಿಸುತ್ತಿದ್ದ ಶಾಮಿಯಾನದ ಮೊಯಿದಿನಬ್ಬ ಮೆಟ್ಟಿಲು ಹತ್ತಿ ಬಂದು, ಅವನ ಕೆಂಪು ಕಣ್ಣು ನೋಡಿ ಪಕ್ಕದಲ್ಲೇ ಕೂತ.

“ನಾನೊಬ್ಬನೇ ಇಳಿಸ್ಲಿಕ್ಕೆ ಆಗುದಿಲ್ಲ. ಅವರು ಬರುವವರೆಗೆ ಇದನ್ನು ಕೇಳಿ ಮಾರಾಯ್ರೆ. ನನಗೆ ಬೇಸರ ಆದಾಗೆಲ್ಲ ಇವನೇ ಮದ್ದು” ಎಂದು ತನ್ನ ಮೊಬೈಲ್ ಒತ್ತಿದ.

ಪರದೆಯ ಮೇಲೆ ಬಸ್ಸಿನ ಚಿತ್ರ ಮೂಡಿತು. “ಇಳಿಯುವವರು ಉಂಟಾ?” ಎಂದು ಬಾಬಣ್ಣ ಗಟ್ಟಿಯಾಗಿ ಕೇಳಿದ.

“ಉಂಟು” ಎಂದ ಜತ್ತಪ್ಪ.