ನಾ ಯಾಕ ಹೇಳಲಿ, ನೀವಽ ಹೇಳ್ರಿ

ಆಸ್ಪತ್ರೆಯಲ್ಲಿ ನಗು ಬರುವ ಸಂಗತಿಗಳಿಗೆ ಬರವಿಲ್ಲ. ಕಷ್ಟವೆಂದರೆ ಅವು ನಗಬಾರದ ಹೊತ್ತಿಗೇ ನಡೆಯುತ್ತವೆ.

ನಾನು ಗೋಕಾಕದ ಒಂದು ಆಸ್ಪತ್ರೆಯಲ್ಲಿ ಮೇಟ್ರನ್. ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಮದರ್ ನಮಗೆ ಮೂರು ಪಾಠ ಕಲಿಸಿದ್ದರು. ಸುಳ್ಳು ಹೇಳಬಾರದು. ಗಂಟೆ ಬಾರಿಸುವ ಐದು ನಿಮಿಷ ಮೊದಲೇ ಜಾಗದಲ್ಲಿರಬೇಕು. ಶೂಸಿನ ಪಟ್ಟಿ ಸರಿಯಾದ ತೂತಿನಲ್ಲಿರಬೇಕು. ಈ ಮೂರನ್ನೂ ನೌಕರಿಯುದ್ದಕ್ಕೂ ಪಾಲಿಸಿದ್ದೇನೆ ಎಂದು ಈ ವರ್ಷದ ತನಕ ಎಲ್ಲರಿಗೂ ಹೇಳುತ್ತಿದ್ದೆ.

ನಮ್ಮಲ್ಲಿಗೆ ಪ್ರತಿ ವರ್ಷ ಕಾಲೇಜು ಮುಗಿಸಿದ ಎಳೆಯ ಡಾಕ್ಟರರು ಕೆಲಸ ಕಲಿಯಲು ಬರುತ್ತಾರೆ. ಕೆಲವು ವಾರ ಸರ್ಜರಿ, ಕೆಲವು ವಾರ ಮಕ್ಕಳ ವಿಭಾಗ, ಹೀಗೆ ಸುತ್ತುತ್ತಾರೆ. ಅವರ ಕೈಯಲ್ಲೊಂದು ಲಾಗ್‌ಬುಕ್ಕು. ಪ್ರತಿ ವಿಭಾಗದ ಹಿರಿಯರು ಅದರಲ್ಲಿ ಸಹಿ ಹಾಕಬೇಕು. ಒಂದು ಸಹಿ ತಪ್ಪಿದರೂ ಅವಧಿ ಮುಂದಕ್ಕೆ ಹೋಗುತ್ತದೆ. ಅವಧಿ ಮುಂದಕ್ಕೆ ಹೋದರೆ ಆ ವರ್ಷ ಮುಂದಿನ ಓದಿನ ಪರೀಕ್ಷೆಗೆ ಕೂರುವಂತಿಲ್ಲ.

ಈ ವರ್ಷ ಬಂದವರು ಮೈಸೂರು ಕಡೆಯ ತೆಳ್ಳನೆಯ ಯುವಕ. ಮೊದಲ ಪೋಸ್ಟಿಂಗು ಮೆಡಿಸಿನ್. ಆ ವಿಭಾಗದ ಹಿರಿಯರೇ ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರು. ಅವರು ಮೊದಲ ದಿನವೇ ಷರತ್ತು ಹಾಕಿದರು.

"ಇಪ್ಪತ್ತು ರೋಗಿಗಳ ಹಿಸ್ಟರಿ ಬರೀರಿ. ಯಾವಾಗಿಂದ ನೋವು, ಏನ ಉಣ್ತಾರ, ಯಾವ ಗುಳಗಿ ತಗೋತಾರ, ಎಲ್ಲಾ ಅವರ ಬಾಯಿಂದಽ ಬರಬೇಕು. ಹೆಸರು ಬರೀಬ್ಯಾಡ್ರಿ. ನಮ್ಮ ಮೇಟ್ರನ್ ಬಾಯಾರು ಬರೋಬರಿ ಐತಿ ಅಂದ ಪುಟಕ್ಕಷ್ಟ ನಾ ಸಹಿ ಮಾಡಾಂವ."

ಯುವಕ ನನ್ನ ಕಡೆ ನೋಡಿ ನಕ್ಕರು. ನಾನು ನಗಲಿಲ್ಲ.

ಎತ್ತಿನ ಡಾಕ್ಟರು

ಅವರ ಮುಂದೆ ಕೂತ ಮೊದಲ ರೋಗಿ ಘೋಡಗೇರಿಯ ಅಜ್ಜಿ. ಕೂತವಳೇ ಸೆರಗು ಸರಿಮಾಡಿಕೊಂಡು, ಬಲಗೈ ಮೇಜಿನ ಮೇಲಿಟ್ಟು, ಗೋಡೆ ನೋಡುತ್ತ ಸುಮ್ಮನಾದಳು.

"ಏನಾಗ್ತಿದೆ ಅಜ್ಜಿ?"

"ಅದನ್ನ ತಿಳ್ಕೊಳ್ಳಾಕಽ ಬಂದೇನಿ."

"ಅಲ್ಲ, ನೋವು ಎಲ್ಲಿದೆ? ಎಷ್ಟು ದಿನದಿಂದ?"

"ನಾ ಯಾಕ ಹೇಳಲಿ, ನೀವಽ ಹೇಳ್ರಿ. ಕೈ ಕೊಟ್ಟೇನಲ್ಲ, ನಾಡಿ ನೋಡ್ರಿ."

ನಮ್ಮ ಕಡೆಯ ಹಿರಿಯರ ಪದ್ಧತಿ ಇದು. ರೋಗ ಹೇಳಿಬಿಟ್ಟರೆ ಡಾಕ್ಟರರ ಪರೀಕ್ಷೆ ಆಗುವುದು ಹೇಗೆ? ಯುವಕ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರು. ಅಜ್ಜಿ ಒಂದಕ್ಕೂ ಬಾಯಿ ಬಿಡಲಿಲ್ಲ. ಕೊನೆಗೆ ಅವರು, "ಅಜ್ಜಿ, ರೋಗಿ ಏನೂ ಹೇಳದೆ ಇದ್ರೆ ಡಾಕ್ಟರು ಔಷಧ ಕೊಡೋದು ಹೇಗೆ?" ಎಂದರು.

ಅಜ್ಜಿ ಎದ್ದು ನಿಂತಳು. "ನಮ್ಮೂರ ದನದ ಡಾಕ್ಟರಗ ಎತ್ತು ಬಾಯಿ ಬಿಟ್ಟ ಹೇಳ್ತೈತೇನ್ರಿ? ಆದ್ರೂ ಅಂವ ಔಷಧ ಕೊಡ್ತಾನ. ನೀವು ಅವನಕಿಂತ ಹೆಚ್ಚ ಕಲತೀರಿ ಅಂತ ಬಂದಿದ್ದೆ."

ಹಾಗೆಂದು ನೇರವಾಗಿ ದೊಡ್ಡ ಡಾಕ್ಟರರ ಕೋಣೆಗೆ ಹೋದಳು. ಆಮೇಲೆ ಬಂದ ರೋಗಿಗಳಲ್ಲಿ ಹೆಚ್ಚಿನವರೂ ಹಾಗೇ ಮಾಡಿದರು. ತಿಂಗಳು ಮುಗಿದಾಗ ಲಾಗ್‌ಬುಕ್ಕಿನಲ್ಲಿ ಹದಿನಾಲ್ಕು ಪುಟ ಖಾಲಿ. ದೊಡ್ಡ ಡಾಕ್ಟರು, "ಉಳಿದ ವಿಭಾಗ ಮುಗಿಸಿ ಬರ್ರಿ. ಕೊನೀ ಹದಿನೈದು ದಿನ ಮತ್ತ ಕೊಡ್ತೇನಿ. ಅದರಾಗ ಆಗಲಿಲ್ಲಂದ್ರ ನನ್ನ ಕಡೆ ಉಪಾಯ ಇಲ್ಲ," ಎಂದರು.

ಯುವಕ ಹೊರಗೆ ಬಂದು, "ಮೇಡಂ, ದನದ ಡಾಕ್ಟರಿಗೆ ಎಷ್ಟು ವರ್ಷ ಓದು?" ಎಂದು ಕೇಳಿದರು.

ಗೊಂಜಾಳದ ಚೀಲ

ಸರ್ಜರಿ ವಿಭಾಗದ ಹಿರಿಯರಿಗೆ ಮಾತು ಕಡಿಮೆ, ಸಿಟ್ಟು ಹೆಚ್ಚು. ಅಲ್ಲಿ ಮೂಡಲಗಿಯಿಂದ ಒಬ್ಬನನ್ನು ಕರೆತಂದರು. ಕಬ್ಬು ಕಡಿಯುವಾಗ ಕೋಯ್ತಾ ಜಾರಿ ಮೊಣಕಾಲ ಕೆಳಗೆ ಸೀಳಿತ್ತು. ಜೊತೆಗೆ ಬಂದವರು ಏಳು ಮಂದಿ. ಆರು ಮಂದಿಯನ್ನು ನಾನು ಹೊರಗೆ ಹಾಕಿದೆ. ಏಳನೆಯವನು ರೋಗಿಯ ಭಾವ; ಕೈ ಹಿಡಿದುಕೊಳ್ಳಲು ಬೇಕೆಂದು ಒಳಗೆ ಉಳಿದ.

ಯುವಕ ಗಾಯಕ್ಕೆ ಮರಗಟ್ಟುವ ಸೂಜಿ ಕೊಟ್ಟು ಹೊಲಿಗೆ ಶುರು ಮಾಡಿದರು. ರೋಗಿ ಹೆದರಿ ಕೂಗಿದಷ್ಟೂ ದಾರವನ್ನು ಬಿಗಿಯಾಗಿ ಎಳೆದರು. ಭಾವ ಎರಡು ಹೊಲಿಗೆ ತಡೆದುಕೊಂಡ. ಮೂರನೆಯದಕ್ಕೆ, "ಸಾಹೇಬರ, ಅಷ್ಟ ಬಿಗೀಬ್ಯಾಡ್ರಿ. ಅಂಚು ಹರೀತೈತಿ. ಎರಡೂ ಕಡೆ ಕೂಡಿದ್ರ ಸಾಕು," ಎಂದ.

ನಾನು ಅವನನ್ನು ದುರುಗುಟ್ಟಿ ನೋಡಿದೆ. ಯುವಕ ಮಾತ್ರ ಯೋಚಿಸಿ, ಮೊದಲಿನ ಎರಡನ್ನು ಬಿಚ್ಚಿ, ಎಲ್ಲವನ್ನೂ ಹದವಾಗಿ ಹಾಕಿದರು.

ಮರುದಿನ ಹಿರಿಯರು ಪಟ್ಟಿ ಬಿಚ್ಚಿ ಬಹಳ ಹೊತ್ತು ನೋಡಿದರು. "ಇಷ್ಟು ಚಲೋ ಹೊಲಿಗಿ ನಾ ಎರಡು ವರ್ಷ ತಗೊಂಡ ಕಲತೆ. ಇದನ್ನ ನಿಮಗ ಯಾರು ಕಲಿಸಿದ್ರು?"

ಯುವಕ ಉತ್ತರಿಸುವ ಮೊದಲೇ ಮಂಚದ ಪಕ್ಕದಿಂದ ಭಾವ, "ನಾನ್ರಿ," ಎಂದ.

"ನೀವೆಲ್ಲಿ ಕಲತ್ರಿ?"

"ಮೂಡಲಗಿ ಮಾರ್ಕೆಟ್‌ನ್ಯಾಗ್ರಿ. ಗೊಂಜಾಳದ ಕಾಳು ತುಂಬಿದ ಚೀಲದ ಬಾಯಿ ಹೊಲಿತೇನಿ. ಆದ್ರ ಚೀಲ ಹಿಂಗ ಒದರೂದಿಲ್ಲ."

ಕೋಟು ಇಲ್ಲದ ಡಾಕ್ಟರು

ಮಕ್ಕಳ ವಿಭಾಗದಲ್ಲಿ ಬೇರೆಯೇ ತೊಂದರೆ. ಬಿಳಿ ಕೋಟು ಕಂಡರೆ ಮಕ್ಕಳು ಅಳುತ್ತವೆ. ಅಳುವ ಮಗುವಿನ ಎದೆಯಲ್ಲಿ ಅಳುವಿನ ಹೊರತು ಏನೂ ಕೇಳಿಸುವುದಿಲ್ಲ. ಯುವಕ ಕೋಟು ಕಳಚಿ ಬಾಗಿಲ ಹಿಂದೆ ತೂಗುಹಾಕಿದರು. ಇದು ನಿಯಮಕ್ಕೆ ವಿರುದ್ಧ ಎಂದು ನಾನು ಹೇಳಿದೆ. ಆದರೆ ಅಂಕಲಗಿಯಿಂದ ಬಂದ ಮಗು ಅಳು ನಿಲ್ಲಿಸಿತ್ತು. ಮಗುವಿನ ಅಜ್ಜಿ ಅದನ್ನು ಅವರ ತೊಡೆಯ ಮೇಲೆ ಕೂರಿಸಿ, "ಸ್ವಲ್ಪ ಹಿಡ್ಕೊಳಪಾ, ಡಾಕ್ಟರು ಬರೂ ತನಕ," ಎಂದಳು.

ಅವರು ಮಗುವನ್ನು ಆಡಿಸುತ್ತಲೇ ಹೊಟ್ಟೆ ಒತ್ತಿದರು, ಕಣ್ಣು ನೋಡಿದರು, ನಾಲಿಗೆ ನೋಡಿದರು. ಅಜ್ಜಿ ಅಷ್ಟೂ ಹೊತ್ತು ಮಾತಾಡಿದಳು. ಮಗು ಊಟ ಬಿಟ್ಟಿದೆ. ಗೋಡೆಯ ಸುಣ್ಣ ಕೆರೆದು ತಿನ್ನುತ್ತದೆ. ಹಾಲಿನ ಬದಲು ಚಹಾದಲ್ಲಿ ಬಿಸ್ಕೀಟು ಅದ್ದಿ ಕೊಡುವುದು ತಾನೇ.

"ಇದನ್ನ ಡಾಕ್ಟರ ಮುಂದ ಹೇಳಬ್ಯಾಡಪಾ," ಎಂದೂ ಸೇರಿಸಿದಳು. "ಬೈತಾರ."

ಯುವಕ ಎದ್ದು ಕೋಟು ಹಾಕಿಕೊಂಡು ಬಂದು ಚೀಟಿ ಬರೆದರು: ಚಹಾ ಬಂದ್. ಅಜ್ಜಿ ಚೀಟಿ ಹಿಡಿದು ಹೊರಗೆ ಬಂದವಳು ನನ್ನ ಹತ್ತಿರ ನಿಂತು, "ಬಾಯಾರ, ಡಾಕ್ಟರು ಚಲೋ ಅದಾರ. ಆದ್ರ ಆ ಮೊದಲ ಕೂತಿದ್ದ ಹುಡುಗನ್ನ ಕೆಲಸದಿಂದ ತಗೀರಿ. ಎಲ್ಲಾ ಹೋಗಿ ಡಾಕ್ಟರಗ ಹೇಳ್ಯಾನ," ಎಂದಳು.

ಪೂರ್ತಿ ಒಂದು ನಿಮಿಷ

ಕೊನೆಯ ಹದಿನೈದು ದಿನ ಬಂದವು. ಮತ್ತೆ ಮೆಡಿಸಿನ್, ಮತ್ತೆ ಅದೇ ಮೇಜು, ಮತ್ತೆ ಘೋಡಗೇರಿಯ ಅಜ್ಜಿ. ಕೈ ಚಾಚಿ ಗೋಡೆ ನೋಡತೊಡಗಿದಳು.

ಯುವಕ ಈ ಸಲ ಪ್ರಶ್ನೆ ಕೇಳಲಿಲ್ಲ. ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ಕೂತರು. ನಾಡಿ ನಡುನಡುವೆ ತಪ್ಪುತ್ತಿತ್ತು. ತಪ್ಪುವ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕೆಂದು ಅವರಿಗೆ ಕಲಿಸಿದ್ದರು. ಅರ್ಧದಲ್ಲಿ ಟ್ರಾಲಿ ಸದ್ದು ಮಾಡಿತು, ಎಣಿಕೆ ತಪ್ಪಿತು. ಮೊದಲಿನಿಂದ ಎಣಿಸಿದರು.

ಅಜ್ಜಿ ಗೋಡೆಯಿಂದ ಕಣ್ಣು ತೆಗೆದಳು. "ಯಾಕ್ರಿ, ಭಾಳ ಹೊತ್ತ ಹಿಡದ್ರಿ?"

ಎಣಿಕೆ ತಪ್ಪಬಾರದೆಂದು ಅವರು ಒಂದು ಬೆರಳು ಎತ್ತಿದರು.

ಅಜ್ಜಿಯ ಮುಖ ಇಳಿಯಿತು. "ಗೊತ್ತಾತೇನ್ರಿ? ಖರೆ ಹೇಳ್ತೇನಿ. ಉಪ್ಪಿನಕಾಯಿ ಬಿಡು ಅಂದಿದ್ರು, ಬಿಟ್ಟಿಲ್ಲ. ಏರಿ ಹತ್ತಿದ್ರ ಎದಿ ಡವಡವ ಅಂತೈತಿ. ಹೋದ ದೀಪಾವಳಿಯಿಂದ ಐತಿ. ಮಗನ ಮುಂದ ಹೇಳಿಲ್ಲ." ಅಲ್ಲಿಂದ ಮೊಣಕಾಲಿಗೆ ಬಂದಳು, ಮೊಣಕಾಲಿನಿಂದ ನಿದ್ದೆಗೆ, ನಿದ್ದೆಯಿಂದ ಸೊಸೆಗೆ. ಯುವಕ ನಾಡಿ ಬಿಡದೆ ಎಡಗೈಯಲ್ಲಿ ಬರೆದುಕೊಳ್ಳುತ್ತಿದ್ದರು.

ಹೊರಗೆ ಬೆಂಚಿನ ಮೇಲಿದ್ದವರಿಗೆ ಅಜ್ಜಿ ಸಾರಿದಳು: "ಒಂದ ಮಾತ ಕೇಳಲಿಲ್ರವಾ. ಎಲ್ಲಾ ತಿಳ್ಕೊಂಡ."

ಅಂದಿನಿಂದ ಅವರ ಮೇಜಿನ ಮುಂದೆ ಸರದಿ. ಆದರೆ ಅಜ್ಜಿಯ ಪುಟವನ್ನು ನಾನು ಹೊಡೆದುಹಾಕಿದೆ. ವಯಸ್ಸಿನ ಜಾಗದಲ್ಲಿ 'ಸುಮಾರು ಎಪ್ಪತ್ತು' ಎಂದಿತ್ತು. 'ಸುಮಾರು' ಎನ್ನುವುದು ವಯಸ್ಸಲ್ಲ.

"ಅವರಿಗೇ ಗೊತ್ತಿಲ್ಲ, ಮೇಡಂ."

"ನಾಡಿಯನ್ನು ಕೇಳಬೇಕಿತ್ತು," ಎಂದೆ.

ಸಂತೆಯ ದಿನದ ಗುಳಿಗೆ

ಹುಕ್ಕೇರಿಯ ಪಾತ್ರೆ ಅಂಗಡಿಯವರೊಬ್ಬರು ಬಂದರು. ಬಿ.ಪಿ. ಏರಿತ್ತು. ಗುಳಿಗೆ ದಿನಾ ತಗೊಳ್ಳುತ್ತೀರೋ ಎಂದು ನಾನು ಕೇಳಿದ್ದಕ್ಕೆ, "ಒಂದ ದಿನ ಬಿಟ್ಟಿಲ್ರಿ," ಎಂದು ಎದೆ ಮುಟ್ಟಿ ಹೇಳಿದರು. ಆಮೇಲೆ ಯುವಕ ಅವರ ಮಣಿಕಟ್ಟು ಹಿಡಿದರು. ಅರ್ಧ ನಿಮಿಷ ಕಳೆಯಿತು.

"ದಿನಾ ಅಂದ್ರ," ಎಂದರು ಅಂಗಡಿಯವರು, "ಸಂತಿ ದಿನ ತಗೋತೇನ್ರಿ. ಅವತ್ತ ಗಿರಾಕಿ ಭಾಳ ಚೌಕಾಸಿ ಮಾಡ್ತಾರ. ಸಿಟ್ಟ ಬರೂದ ಅವತ್ತಽ. ಉಳದ ದಿನ ಸುಮ್ನ ಯಾಕ ಹಾಳ ಮಾಡೂದು?"

ನಾನು ಅವರಿಗೆ ಹತ್ತು ನಿಮಿಷ ತಿಳಿಹೇಳಿದೆ. ಬಿ.ಪಿ. ಗುಳಿಗೆ ಮನಸ್ಸಿಗೆ ಬಂದಾಗ ಬಿಡುವುದು ತಿಳಿವಳಿಕೆ ಇಲ್ಲದವರ ಲಕ್ಷಣ ಎಂದೆ. ನನ್ನ ದನಿ ತುಸು ಏರಿರಬಹುದು.

ಅವರು ಕೈಮುಗಿದರು. "ತಪ್ಪಾತ್ರಿ ಬಾಯಾರ. ನಿಮ್ಮನ್ನ ಭೆಟ್ಟಿ ಆಗೂ ದಿನಾನೂ ಒಂದ ತಗೋತೇನಿ."

ಇಪ್ಪತ್ತನೆಯ ಪುಟ

ಕೊನೆಯ ದಿನ ಮಣ್ಣೆತ್ತಿನ ಅಮಾವಾಸ್ಯೆ. ಊರವರೆಲ್ಲ ಮಣ್ಣಿನ ಎತ್ತಿಗೆ ಪೂಜೆ ಮಾಡುವ ದಿನ, ಬೆಂಚುಗಳೆಲ್ಲ ಖಾಲಿ. ಲಾಗ್‌ಬುಕ್ಕಿನಲ್ಲಿ ಹತ್ತೊಂಬತ್ತು ಪುಟ ತುಂಬಿದ್ದವು. ಇಪ್ಪತ್ತನೆಯದು ನಾನು ಹೊಡೆದುಹಾಕಿದ ಅಜ್ಜಿಯ ಪುಟದ ಬದಲು ಬರೆಯಬೇಕಾದದ್ದು. ಯುವಕ ಗೇಟಿನ ತನಕ ಮೂರು ಸಲ ಹೋಗಿಬಂದರು. ಸಂಜೆ ಐದಕ್ಕೆ ದೊಡ್ಡ ಡಾಕ್ಟರು ಹೊರಡುತ್ತಾರೆ. ನಾಲ್ಕಾಗಿತ್ತು.

ನಾನು ಮೆಟ್ಟಿಲು ಇಳಿದು ಬರುತ್ತಿದ್ದೆ. ಯುವಕ ಕೆಳಗೆ ನಿಂತು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು.

"ಮೇಡಂ, ನಿಮ್ಮ ಶೂಸಿನ ಪಟ್ಟಿ ಕೊನೆಯ ತೂತಿನಲ್ಲಿದೆ."

"ಇರಲಿ," ಎಂದೆ.

"ನಾನು ಬಂದಾಗ ಎರಡನೆಯದರಲ್ಲಿತ್ತು. ಕೂತ್ಕೊಳ್ಳಿ. ಕೈ ಕೊಡಿ."

ಪುಟ ತುಂಬಿಸಲು ಇವರು ಯಾರನ್ನೂ ಬಿಡುವುದಿಲ್ಲ ಎಂದುಕೊಂಡು ಕೂತೆ. ನನಗೆ ಹೇಳುವಂಥದ್ದೇನೂ ಇಲ್ಲವೆಂದು ಮೊದಲೇ ತಿಳಿಸಿದೆ. ಅವರು ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು. ಇದರಲ್ಲಿ ಯಾವ ಗುಟ್ಟೂ ಇಲ್ಲ, ಬರೀ ಎಣಿಕೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೋಡೆ ನೋಡುತ್ತ ಕೂತೆ.

ಆದರೆ ಒಂದು ನಿಮಿಷ ಬಹಳ ಉದ್ದ.

"ಗುಳಿಗೆ ಬಿಟ್ಟು ಎರಡು ತಿಂಗಳಾಯಿತು," ಎಂದೆ. ನನ್ನ ದನಿ ನನಗೇ ಬೇರೆಯವರದ್ದೆಂಬಂತೆ ಕೇಳಿಸಿತು. ಬಿ.ಪಿ. ಗುಳಿಗೆಯಿಂದ ಕಾಲು ಬಾವು ಬಂದಿತೆಂದು ಅನುಮಾನವಾಗಿ ಬಿಟ್ಟದ್ದು, ಇಲ್ಲಿ ಯಾರಿಗೂ ತಿಳಿಯಬಾರದೆಂದು ಬೆಳಗಾವಿಯಲ್ಲಿ ತೋರಿಸಿಕೊಂಡದ್ದು, ಬಾಜೂ ಮನೆಯವರು ಕೊಟ್ಟ ಕಷಾಯ ಕುಡಿಯುತ್ತಿರುವುದು, ಗುಳಿಗೆ ಬಿಟ್ಟರೂ ಬಾವು ಇಳಿಯದ್ದು, ಮೆಟ್ಟಿಲಲ್ಲಿ ತಲೆ ಸುತ್ತುವುದು, ಎಲ್ಲವೂ ಹೊರಬಂತು. ಅವರು ಎಡಗೈಯಲ್ಲಿ ಬರೆದುಕೊಳ್ಳುತ್ತಿದ್ದರು. ಅಕ್ಷರ ಚೆನ್ನಾಗಿರಲಿಲ್ಲ. ನಾನು ತಿದ್ದಲಿಲ್ಲ.

ಬಿ.ಪಿ. ನೋಡಿದರು. "ಇದು ಬಿಡೋ ಗುಳಿಗೆ ಅಲ್ಲ ಮೇಡಂ. ಸರ್‌ಗೆ ತೋರಿಸಿ ಬದಲಾಯಿಸಿಕೊಳ್ಳೋದು," ಎಂದಷ್ಟೇ ಹೇಳಿದರು. ಹುಕ್ಕೇರಿಯವರಿಗೆ ನಾನು ಹೇಳಿದ್ದನ್ನು ನನಗೆ ಹೇಳಲಿಲ್ಲ. ಅದನ್ನು ಮೆಚ್ಚಿಕೊಂಡೆ.

ಐದಕ್ಕೆ ಹತ್ತು ನಿಮಿಷವಿದ್ದಾಗ ಲಾಗ್‌ಬುಕ್ಕನ್ನು ದೊಡ್ಡ ಡಾಕ್ಟರರ ಮುಂದಿಟ್ಟೆವು. ಕೊನೆಯ ಪುಟದಲ್ಲಿ ಹೆಸರಿರಲಿಲ್ಲ. ವಯಸ್ಸಿನ ಜಾಗದಲ್ಲಿ 'ಸುಮಾರು ಅರವತ್ತು' ಎಂದಿತ್ತು. ಈ ಸಲ 'ಸುಮಾರು' ನನಗೆ ಒಳ್ಳೆಯ ಪದವೆನಿಸಿತ್ತು.

"ಬರೋಬರಿ ಐತೇನ್ರಿ ಬಾಯಾರ?"

"ಪ್ರತಿ ಮಾತೂ ಸರಿಯಿದೆ, ಸರ್."

ದೊಡ್ಡ ಡಾಕ್ಟರು ಓದುತ್ತ ತಲೆ ಆಡಿಸಿದರು. "ಗುಳಗಿ ಬಿಟ್ಟು ಕಷಾಯ ಕುಡ್ಯಾಕತ್ಯಾಳ. ಎಷ್ಟ ಹೇಳಿದ್ರೂ ಈ ಮಂದೀಗೆ ತಿಳಿಯೂದಿಲ್ಲ. ಇದು ಆ ಘೋಡಗೇರಿ ಅಜ್ಜಿ ಹೌದಲ್ರಿ?"

ಯುವಕ ನೆಲ ನೋಡಿದರು. "ಹೌದು ಸರ್," ಎಂದೆ. ಕಾನ್ವೆಂಟ್ ಬಿಟ್ಟ ಮೇಲೆ ನಾನು ಹೇಳಿದ ಮೊದಲ ಸುಳ್ಳು ಅದು.

ದೊಡ್ಡ ಡಾಕ್ಟರು ಸಹಿ ಹಾಕಿ, ಪುಸ್ತಕವನ್ನು ಯುವಕನ ಕೈಗೆ ಕೊಟ್ಟು, ನನ್ನ ಕಡೆ ತಿರುಗಿದರು. "ನಾಳೆ ಮುಂಜಾನಿ ಹತ್ತಕ್ಕ ಆಕೀನ್ನ ನನ್ನ ಕಡೆ ಕಳಸ್ರಿ. ಬೈದು ಗುಳಗಿ ಬದಲಿ ಮಾಡೂನು. ಹೊತ್ತಿಗೆ ಬರ್ತಾಳೇನ್ರಿ ಆ ಮುದುಕಿ?"

"ಐದು ನಿಮಿಷ ಮೊದಲೇ ಬರುತ್ತಾಳೆ, ಸರ್," ಎಂದೆ.