ಮೀಸೆ ಉಳಿಸಿದ ಕೋಟು

ಹೆಂಡತಿ: ಶೂ ಹಾಕ್ಕೊಂಡು ಮಲಗಿದ್ರೆ ಹೊಟ್ಟೆ ಕರಗುತ್ತೇನ್ರೀ?

ದರ್ಜಿ: ಅದು ಅಭ್ಯಾಸದ ಗುಟ್ಟು ಕಣೇ. ಬೆಳಿಗ್ಗೆ ಎದ್ದ ತಕ್ಷಣ ಓಡೋಕೆ ಯಾವ ಅಡ್ಡೀನೂ ಇರಬಾರದು.

ಹೆಂಡತಿ: ಎದ್ರೆ ತಾನೆ ಓಡೋದು? ಅಲಾರಂ ಹೊಡ್ಕೊಂಡು ಹೊಡ್ಕೊಂಡು ಅದೇ ಸುಸ್ತಾಯ್ತು. ವ್ಯಾಯಾಮಕ್ಕೆ ಅಂತ ತಂದ ಚಾಪೆ ಮೇಲೆ ಬಟ್ಟೆ ಕತ್ತರಿಸ್ತಾ ಕೂತಿದ್ದೀರಿ.

ದರ್ಜಿ: ಗುರಿ ಕಣ್ಮುಂದೆ ಇರಬೇಕು ಅಂತ ಕೋಟನ್ನ ಗೋಡೆಗೆ ತೂಗುಹಾಕಿಲ್ವಾ?

ಹೆಂಡತಿ: ಅದನ್ನ ನೋಡ್ಕೊಂಡೇ ಇನ್ನೊಂದ್ಸಲ ಬಡಿಸು ಅಂತೀರಿ.

ಕೋಟಿನ ಕತೆ ಇಷ್ಟೇ. ಮಗಳ ಮದುವೆ ಗೊತ್ತಾದ ದಿನ ಬಾಮೈದ ಎಲ್ಲರೆದುರು ದರ್ಜಿಯ ಹೊಟ್ಟೆ ತಟ್ಟಿ ನಕ್ಕಿದ್ದ. ಇವನಿಗೆ ರೋಷ ಉಕ್ಕಿತು. ತಾನು ಇಳಿಯಬೇಕಾದ ಅಳತೆಗೇ ಕೋಟು ಹೊಲಿದು, ಮದುವೆಯಲ್ಲಿ ಇದರ ಗುಂಡಿ ಹಾಕದಿದ್ದರೆ ಮೀಸೆ ಬೋಳಿಸುತ್ತೇನೆ ಎಂದುಬಿಟ್ಟ. ಮೀಸೆ ಎಂದರೆ ಅವನಿಗೆ ಪ್ರಾಣ. ಮದುವೆ ನಾಳೆಯೇ.

ಹೆಂಡತಿ: ತಮ್ಮ ಇನ್ನೇನು ಬಂದುಬಿಡ್ತಾನೆ. ಒಮ್ಮೆ ಹಾಕಿ ನೋಡಿ.

ದರ್ಜಿ ಉಸಿರು ಬಿಗಿಹಿಡಿದು ಕೋಟು ತೊಟ್ಟ. ಗುಂಡಿಗಳು ಸಲೀಸಾಗಿ ಕೂತವು. ಅಷ್ಟೇ ಅಲ್ಲ, ಒಳಗೆ ಒಂದು ದಿಂಬು ತುರುಕುವಷ್ಟು ಜಾಗ ಮಿಕ್ಕಿತು. ಅವನು ಶೂ ಕಾಲಲ್ಲೇ ಕುಣಿದಾಡಿಬಿಟ್ಟ.

ದರ್ಜಿ: ನೋಡಿದ್ಯಾ? ಅಭ್ಯಾಸ ಅಂದ್ರೆ ಇದು.

ಹೆಂಡತಿ: ಇಷ್ಟೊಂದು ಹೇಗೆ ಸಡಿಲ ಆಯ್ತು? ನಾನು ಬಿಚ್ಚಿದ್ದು ಸ್ವಲ್ಪಾನೇ.

ದರ್ಜಿ: ಏನು ಬಿಚ್ಚಿದ್ದು?

ಹೆಂಡತಿ: ಪಕ್ಕದ ಹೊಲಿಗೆ. ಮೀಸೆ ಹೋದ್ರೆ ಮದುವೆ ಫೋಟೋದಲ್ಲಿ ನಿಮ್ಮನ್ನ ಎಲ್ಲಿ ಅಂತ ಹುಡುಕಲಿ? ಒಳಗೆ ಮಡಿಚಿದ್ದ ಬಟ್ಟೆ ಬಿಟ್ಟು ಮತ್ತೆ ಹೊಲಿದೆ.

ದರ್ಜಿ: ನನ್ನ ಕಣ್ಣಿಗೂ ಬೀಳದ ಹಾಗಾ?

ಹೆಂಡತಿ: ಕಲಿಸಿದವರು ಯಾರು ಮತ್ತೆ?

ಕುಣಿತ ನಿಂತಿತು. ಹೆಂಡತಿಯ ಮೇಲೆ ಅವನಿಗೆ ಮುದ್ದು ಉಕ್ಕಿತು, ಜೊತೆಗೆ ನಾಚಿಕೆಯೂ ಆಯಿತು.

ದರ್ಜಿ: ಅದು... ಗುಂಡಿಗಳನ್ನ ನಾನೂ ಅಂಚಿಗೆ ಸರಿಸಿದ್ದೆ.

ಹೆಂಡತಿ: ಹಾಗಾದ್ರೆ ಹೊಟ್ಟೆ?

ದರ್ಜಿ: ಇದ್ದಲ್ಲೇ ಇದೆ.

ಇಬ್ಬರೂ ಬಿದ್ದು ಬಿದ್ದು ನಗುತ್ತಿರುವಾಗಲೇ ಬಾಮೈದ ಒಳಗೆ ಬಂದ. ಜೋಲಾಡುವ ಕೋಟು ನೋಡಿ ಬೆಪ್ಪಾಗಿ ನಿಂತ.

ಬಾಮೈದ: ಏನ್ ಭಾವ, ಅರ್ಧಕ್ಕರ್ಧ ಇಳಿದುಬಿಟ್ಟಿದ್ದೀರಲ್ಲ. ಅದೇನ್ ಮಾಡಿದ್ರಿ?

ದರ್ಜಿ ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿಯೇ ಮುಂದಾದಳು.

ಹೆಂಡತಿ: ಹೆಚ್ಚೇನಿಲ್ಲ ಕಣೋ. ಶೂ ಹಾಕ್ಕೊಂಡು ಮಲಗ್ತಾರೆ.